ಆಶ್ಲೇಷೆಯ ಅತ್ತೆ

ಸೀನು ಎಂಬುದು ಮೂಗಿನ ಖಾಸಗಿ ವ್ಯವಹಾರವೆಂದು ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಹೊರಟವರಿಗೆ ಅಡ್ಡವಾಗಿ ಸೀನದಿದ್ದರೆ ಸಾಕು, ಉಳಿದಂತೆ ಅದನ್ನು ಯಾರೂ ಗಮನಿಸುವುದಿಲ್ಲ. ಸೀನಿದವರು ಸೆರಗಿನಿಂದಲೋ ಕರವಸ್ತ್ರದಿಂದಲೋ ಮೂಗೊರೆಸಿಕೊಂಡು ಲೋಕವ್ಯಾಪಾರಕ್ಕೆ ಮರಳುತ್ತಾರೆ. ಆದರೆ ಈಚೆಗೆ ನನ್ನ ಸೀನಿಗೆ ಸಾರ್ವಜನಿಕ ಮಹತ್ವ ಬಂದುಬಿಟ್ಟಿದೆ. ಮೊನ್ನೆ ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲೇ ಒಂದು ಮನೆಯಲ್ಲಿ ಸತ್ಯನಾರಾಯಣ ಪೂಜೆ. ಸಾಂಬ್ರಾಣಿಯ ಹೊಗೆ ನೇರವಾಗಿ ನನ್ನ ಮೂಗನ್ನೇ ಹುಡುಕಿಕೊಂಡು ಬಂತು, ನಾನು ಸೀನಿದೆ. ನಡೆದದ್ದು ಅಷ್ಟೇ. ಸುತ್ತ ಕುಳಿತಿದ್ದ ಹೆಂಗಸರು ಮೊದಲು ನನ್ನನ್ನು ನೋಡಿದರು, ಆಮೇಲೆ ಪ್ರಸಾದಕ್ಕೆಂದು ಬಾಳೆಹಣ್ಣು ಹೆಚ್ಚುತ್ತಿದ್ದ ನನ್ನ ಸೊಸೆಯನ್ನು ನೋಡಿದರು, ಆಮೇಲೆ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಪಕ್ಕದಲ್ಲಿದ್ದವರೊಬ್ಬರು ನನ್ನ ಮೊಣಕೈ ಮುಟ್ಟಿ, ತುರ್ತು ಚಿಕಿತ್ಸೆಯ ಕೋಣೆಯ ಹೊರಗೆ ನಿಂತವರ ದನಿಯಲ್ಲಿ, ‘ಹುಷಾರಾಗಿದೀರಾ ಮೇಡಂ?’ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಈ ಉರಿಗೆ ಕಾರಣ ಹೇಳುತ್ತೇನೆ, ಒಂದಿಷ್ಟು ಹೊತ್ತು ನನ್ನ ಜೊತೆ ಕೂತುಕೊಳ್ಳಿ. ನನ್ನ ಸೊಸೆ ಪಲ್ಲವಿ ಹುಟ್ಟಿದ್ದು ಆಶ್ಲೇಷಾ ನಕ್ಷತ್ರದಲ್ಲಿ. ಆಶ್ಲೇಷೆಯ ಹೆಣ್ಣು ಕಾಲಿಟ್ಟ ಮನೆಯಲ್ಲಿ ಅತ್ತೆ ಬಹಳ ದಿನ ಬಾಳುವುದಿಲ್ಲ ಎಂಬುದು, ಓದಿದವರು ಓದದವರು ಎಂಬ ಭೇದವಿಲ್ಲದೆ ನಮ್ಮ ಸೀಮೆಯ ಬಹುಪಾಲು ಜನ ನಂಬಿಕೊಂಡಿರುವ ಸಂಗತಿ. ಆ ಅತ್ತೆ ನಾನೇ, ಜಾನಕಿ. ಊರಿನ ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸುತ್ತ, ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ ತಲೆಮಾರುಗಟ್ಟಲೆ ಮಕ್ಕಳ ಶಾಪವನ್ನು ಸಂಪಾದಿಸಿ ನಿವೃತ್ತಳಾದವಳು. ಆ ಶಾಪಗಳಲ್ಲಿ ಒಂದೂ ಫಲಿಸದೆ ನಾನಿನ್ನೂ ಗುಂಡುಕಲ್ಲಿನಂತೆ ಇರುವಾಗ, ಎಷ್ಟೋ ಕೋಟಿ ಕೋಟಿ ಮೈಲಿಯಾಚೆ ತಮ್ಮ ಪಾಡಿಗೆ ತಾವು ಮಿನುಗುತ್ತಿರುವ ನಾಲ್ಕಾರು ಚುಕ್ಕೆಗಳಿಗೆ ನನ್ನ ಮೇಲೇನು ಹಗೆಯೋ ನಾನರಿಯೆ.

ವೃತ್ತಿದೋಷದಿಂದ ನಾನು ಮೊದಲು ಪದದ ಅರ್ಥಕ್ಕೇ ಕೈಹಾಕುವವಳು. ‘ಶ್ಲಿಷ್’ ಎಂದರೆ ಅಂಟಿಕೊಳ್ಳು, ತಬ್ಬಿಕೊಳ್ಳು. ಆಶ್ಲೇಷವೆಂದರೆ ಆಲಿಂಗನ. ಕಾವ್ಯಗಳಲ್ಲಿ ವಿರಹಿಗಳು ಹಂಬಲಿಸಿ ಹಂಬಲಿಸಿ ಕೊನೆಗೆ ಪಡೆಯುವುದು ಅದನ್ನೇ. ಅದೇ ಧಾತುವಿನ ಇನ್ನೊಂದು ಕೂಸು ಶ್ಲೇಷೆ, ಒಂದು ಮಾತು ಎರಡರ್ಥವನ್ನು ತಬ್ಬಿಕೊಳ್ಳುವ ಅಲಂಕಾರ. ಮೂರನೆಯ ಕೂಸು ಶ್ಲೇಷ್ಮ, ಎಂದರೆ ಎದೆಯಲ್ಲಿ ಅಂಟಿ ಕೂರುವ ಕಫ. ಸತ್ಯನಾರಾಯಣ ಪೂಜೆಯಲ್ಲಿ ನನ್ನನ್ನು ಸೀನಿಸಿದ್ದು ಈ ಮೂರನೆಯದು. ಹೆಂಗಸರು ನೋಡಿದ್ದು ಮೊದಲನೆಯದರ ಕಡೆಗೆ. ವ್ಯಾಕರಣ ಗೊತ್ತಿಲ್ಲದಿದ್ದರೆ ಎಂಥ ಅಪಚಾರ ನಡೆದುಹೋಗುತ್ತದೆ ನೋಡಿ.

ಇಷ್ಟು ಮುದ್ದಾದ ಹೆಸರಿನ ನಕ್ಷತ್ರಕ್ಕೆ ಜ್ಯೋತಿಷದ ಪುಸ್ತಕಗಳು ಆರೋಪಿಸುವ ಗುಣಗಳನ್ನು ಕೇಳಿದರೆ ಪೊಲೀಸರಿಗೆ ಹೇಳಿ ಕಳಿಸಬೇಕೆನ್ನಿಸುತ್ತದೆ. ಆಕಾರ ಸುರುಳಿ ಸುತ್ತಿದ ಹಾವು, ದೇವತೆ ಸರ್ಪ, ಗಣ ರಾಕ್ಷಸಗಣ, ಯೋನಿ ಬೆಕ್ಕು. ಈ ನಕ್ಷತ್ರದವರದು ನಿಟ್ಟಿಸುವ ನೋಟ, ಒಳಗೊಂದು ಹೊರಗೊಂದು, ಚುಚ್ಚುಮಾತು, ಉಪಕಾರ ಮರೆಯುವ ಸ್ವಭಾವ. ಇವುಗಳನ್ನೆಲ್ಲ ಓದಿದಾಗ ನನಗೆ ನನ್ನ ಸಹೋದ್ಯೋಗಿಗಳ ನೆನಪು ಒಬ್ಬೊಬ್ಬರದಾಗಿ ಬಂತು. ಅವರಲ್ಲಿ ಯಾರೂ ಆಶ್ಲೇಷೆಯವರಲ್ಲ. ಹಾಗೆ ನೋಡಿದರೆ ಚುಚ್ಚುಮಾತಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ನನ್ನದು ಸಾಧು ಸ್ವಭಾವಕ್ಕೆ ಹೆಸರಾದ ರೇವತಿ. ಆಶ್ಲೇಷೆಯಲ್ಲಿ ಹುಟ್ಟಿದವರಿಗೆ ಡೀ, ಡೂ, ಡೇ, ಡೋ ಎಂಬ ಅಕ್ಷರಗಳಿಂದ ಹೆಸರಿಡಬೇಕಂತೆ. ಕನ್ನಡದಲ್ಲಿ ‘ಡೊ’ದಿಂದ ಶುರುವಾಗುವ ಒಳ್ಳೆಯ ಪದಗಳೆಂದರೆ ಡೊಳ್ಳು, ಡೊಂಕು, ಡೊಗರು. ಪಲ್ಲವಿಯ ತಂದೆತಾಯಿ ಶಾಸ್ತ್ರ ಬಿಟ್ಟು ಮಗಳಿಗೆ ಚಿಗುರಿನ ಹೆಸರಿಟ್ಟದ್ದು ಅವರ ಪುಣ್ಯ. ಇನ್ನು ಸರ್ಪದ ಭಯವೆಂದಿರಾ? ನನ್ನ ಯಜಮಾನರ ಹೆಸರು ನಾಗರಾಜ. ಸಾಕ್ಷಾತ್ ಹಾವುಗಳ ಅರಸನ ಜೊತೆ ಇಷ್ಟು ಕಾಲ ಸಂಸಾರ ಮಾಡಿ ಬದುಕಿರುವವಳಿಗೆ ಒಂದು ನಕ್ಷತ್ರದ ಬುಸುಗುಟ್ಟುವಿಕೆಯಿಂದ ಆಗುವುದೇನು?

ಕಥೆ ಶುರುವಾದದ್ದು ಒಂದು ನಾಯಿಯಿಂದ. ನನ್ನ ಮಗ ಚೇತನ್ ತೊಂಡೇಬಾವಿಯಲ್ಲಿ ಪಶುವೈದ್ಯ. ಗೌರಿಬಿದನೂರಿನ ಒಂದು ಶಾಲೆಯ ಗೇಟಿನ ಮುಂದೆ ಟೆಂಪೋ ಹಾಯ್ದು ಕಾಲು ಮುರಿದುಕೊಂಡಿದ್ದ ಬೀದಿನಾಯಿಯೊಂದನ್ನು ಆಟೋದಲ್ಲಿ ಹಾಕಿಕೊಂಡು, ಸೀರೆಗೆಲ್ಲ ರಕ್ತ ಬಳಿದುಕೊಂಡು, ಅಲ್ಲಿಯ ವಿಜ್ಞಾನದ ಟೀಚರ್ ಪಲ್ಲವಿ ಅವನ ಬಳಿಗೆ ಬಂದಳಂತೆ. ನಾಯಿ ಬದುಕಿತು, ಮಗ ಬಿದ್ದ. ಮನೆಗೆ ಬಂದು ಹೇಳಿದಾಗ ನನಗೆ ಆದ ಸಂತೋಷಕ್ಕೆ ಎಲ್ಲೆಯಿರಲಿಲ್ಲ. ಯಜಮಾನರು ಮಾತ್ರ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ಸವೆಸಿದ ಆಯುಷ್ಯದ ಅಭ್ಯಾಸಬಲದಿಂದ, ‘ಜಾತಕ ಇಸ್ಕೊಂಡು ಬಾ, ಆಮೇಲೆ ನೋಡಣ’ ಎಂದರು. ಜಾತಕ ಬಂತು. ಅದನ್ನು ಜೋಯಿಸರಲ್ಲಿಗೆ ಒಯ್ದವರು ಯಜಮಾನರ ಅಕ್ಕ ಅಶ್ವತ್ಥಮ್ಮ. ಇವರ ಬಗ್ಗೆ ನಿಮಗೆ ಹೇಳಬೇಕು. ತಾಯಿಯಿಲ್ಲದ ತಮ್ಮನನ್ನು ಸಾಕಿ ಬೆಳೆಸಿದವರು. ಪೆರೇಸಂದ್ರದಲ್ಲಿ ಹೊಲ, ದ್ರಾಕ್ಷಿ ತೋಟ, ದನಕರು ಎಲ್ಲವನ್ನೂ ಇಂದಿಗೂ ತಾವೇ ನಿಂತು ನೋಡಿಕೊಳ್ಳುವ ಗಟ್ಟಿ ಹೆಂಗಸು. ನಮ್ಮ ಮನೆಯಲ್ಲಿ ಅವರು ಬೇಡವೆಂದದ್ದು ನಡೆದದ್ದಿಲ್ಲ. ಜೋಯಿಸರ ಮನೆಯಿಂದ ಬಂದವರೇ ಚಪ್ಪಲಿ ಬಿಡುವುದಕ್ಕೆ ಮೊದಲೇ ಬಾಗಿಲಲ್ಲಿ ನಿಂತು, ‘ಈ ಸಂಬಂಧ ಬ್ಯಾಡ’ ಎಂದುಬಿಟ್ಟರು.

ಅವತ್ತಿನ ಸಭೆಯನ್ನು ನಾನು ಮರೆಯುವ ಹಾಗಿಲ್ಲ. ಅವರೆಕಾಯಿಯ ಕಾಲ. ಹಿತಕಿದ ಬೇಳೆಗೆಂದು ನೆನೆಸಿದ ಕಾಳಿನ ಬೋಗುಣಿಯನ್ನು ನಡುವೆ ಇಟ್ಟುಕೊಂಡು ನಾವೆಲ್ಲ ಸುತ್ತ ಕುಳಿತು ಸಿಪ್ಪೆ ಹಿತುಕುತ್ತಿದ್ದೆವು. ಜೋಯಿಸರೂ ಬಂದು ಕುರ್ಚಿಯಲ್ಲಿ ಕುಳಿತಿದ್ದರು. ಆ ಘಮಘಮದ ನಡುವೆ ನನ್ನ ಸಾವಿನ ಚರ್ಚೆ ನಡೆಯಿತು. ಯಾವ ಪಾದ, ಎಷ್ಟು ಘಳಿಗೆ, ವರ್ಷದೊಳಗೋ ಆಮೇಲೋ ಎಂದೆಲ್ಲ ವಿಚಾರಿಸುತ್ತ, ಅವರೆಲ್ಲ ಟೊಮೇಟೊ ಬೆಲೆ ಮಾತಾಡುವಷ್ಟು ನಿರಾಳವಾಗಿ ನನ್ನ ಆಯುಷ್ಯವನ್ನು ಮಾತಾಡಿದರು. ಜೋಯಿಸರು ಉದಾರಿಗಳು. ಜನನದ ಹೊತ್ತನ್ನು ಒಂದಿಷ್ಟು ಮುಂದಕ್ಕೆ ತಳ್ಳಿಬಿಟ್ಟರೆ ಆಶ್ಲೇಷೆ ಕಳೆದು ಮಖಾ ಬರುತ್ತದೆ, ಆಗ ಯಾರ ತಕರಾರೂ ಇರುವುದಿಲ್ಲ ಎಂದು ಅವರೇ ಒಂದು ದಾರಿ ತೋರಿಸಿದರು. ನನಗೆ ತಡೆಯಲಾಗಲಿಲ್ಲ.

‘ಸ್ವಾಮಿ, ನನ್ನ ಪ್ರಾಣ ತೆಗೆಯೋಷ್ಟು ಶಕ್ತಿ ಇರೋ ನಕ್ಷತ್ರ ನಿಮ್ಮ ಪೆನ್ನಿಗೆ ಹೆದರಿ ಪಕ್ಕಕ್ಕೆ ಹೋಗತ್ತಾ?’ ಎಂದೆ. ‘ಅಷ್ಟಕ್ಕೂ ಸಾಯೋಳು ನಾನು. ನನ್ನನ್ನ ಯಾರಾದರೂ ಕೇಳಿದ್ರಾ?’

ಯಜಮಾನರು ಬೋಗುಣಿಯ ಕಡೆ ನೋಡುತ್ತ ಮೆಲ್ಲಗೆ, ‘ನಿನಗೇನಾದ್ರೂ ಆದ್ರೆ ನನಗ್ಯಾರಿದಾರೆ ಜಾನಕಿ?’ ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಆಡಿದ ಮೊದಲ ಪ್ರೇಮದ ಮಾತು ಅದು. ಅದನ್ನೂ ಇಂಥ ಹೊತ್ತಿನಲ್ಲಿ ಆಡಿದರಲ್ಲ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು. ನನಗೆ ಸಕ್ಕರೆ ಕಾಯಿಲೆಯಿದೆ, ಮಂಡಿನೋವಿದೆ. ಮಾತ್ರೆ ಮುಗಿದಿದೆ ತನ್ನಿ ಎಂದರೆ ವಾರಗಟ್ಟಲೆ ಮರೆಯುವ ಮಹಾನುಭಾವರು ಇವರು. ರೋಗದಿಂದ ಹೆಂಡತಿಯನ್ನು ಕಾಪಾಡಲು ಔಷಧದ ಅಂಗಡಿಗೆ ನಡೆಯಬೇಕು. ನಕ್ಷತ್ರದಿಂದ ಕಾಪಾಡಲು ಕುಳಿತಲ್ಲೇ ಒಂದು ಹುಡುಗಿಯನ್ನು ಬೇಡವೆಂದರೆ ಸಾಕು.

ನಾನು ಹಟ ಹಿಡಿದು ಮಗನನ್ನೂ ಯಜಮಾನರನ್ನೂ ಹೊರಡಿಸಿಕೊಂಡು ಚಿಂತಾಮಣಿಗೆ ಹೋದೆ. ಪಲ್ಲವಿಯ ತಂದೆ ವೆಂಕಟರವಣಪ್ಪನವರು ಶಾಲೆಯೊಂದರ ನಿವೃತ್ತ ಗುಮಾಸ್ತರು, ಮಾತು ಕಡಿಮೆ. ತಾಯಿ ರತ್ನಮ್ಮ ನನ್ನನ್ನು ಕಂಡೊಡನೆ ಕೈಮುಗಿದರು, ಆದರೆ ಆ ಮುಖದಲ್ಲಿ ಏನೋ ಕುಸಿದುಬಿದ್ದಂತಿತ್ತು. ಉಪ್ಪಿಟ್ಟು ಕೇಸರಿಬಾತು ಮುಗಿದು, ನಾವಿಬ್ಬರೇ ಅಡುಗೆಮನೆಯಲ್ಲಿ ನಿಂತಾಗ ಅವರೇ ಬಾಯಿಬಿಟ್ಟರು.

‘ತಪ್ಪು ತಿಳ್ಕೋಬೇಡಿ ಅಮ್ಮ. ಯಾರೇ ಸಂಬಂಧ ತಂದ್ರೂ ನಾನು ಮೊದ್ಲು ಕೇಳೋದು, ಹುಡುಗನಿಗೆ ತಾಯಿ ಇದಾರಾ ಅಂತ. ಇದಾರೆ ಅಂದ್ರೆ ನಂಗೆ ಎದೆ ಧಸಕ್ ಅನ್ನತ್ತೆ. ಇಲ್ಲ ಅಂದ್ರೆ ಸಂತೋಷ ಆಗತ್ತೆ. ಯಾರದೋ ತಾಯಿ ಇಲ್ಲ ಅಂತ ನಾನು ಸಂತೋಷ ಪಡಬೇಕಾಯ್ತಲ್ಲ, ಅಂತಾ ಮಾ ಕರ್ಮ.’ ಎಲ್ಲ ನಮ್ಮ ಕರ್ಮವೆಂದು ಕೊನೆಗೆ ಅವರ ಮಾತು ತೆಲುಗಿಗೆ ಹೊರಳಿತು.

ಮದುವೆಯ ದಲ್ಲಾಳಿಗಳು ಆ ಹುಡುಗಿಗೆಂದೇ ಗೋಡೆಯ ಮೇಲೆ ತಾಯಿಯ ಫೋಟೋಗೆ ಹಾರ ಹಾಕಿದ ಮನೆಗಳನ್ನು ಹುಡುಕಿ ಹುಡುಕಿ ತರುತ್ತಿದ್ದರಂತೆ. ಒಬ್ಬ ವರನ ಕಡೆಯವರು ಹುಡುಗಿಯನ್ನು ಒಪ್ಪಿ, ತಾಯಿ ಈಗ ಆಸ್ಪತ್ರೆಯಲ್ಲಿದ್ದಾರೆ, ಸ್ವಲ್ಪ ದಿನ ಕಾಯಿರಿ ಎಂದರಂತೆ. ಇದನ್ನು ಹೇಳುವಾಗ ರತ್ನಮ್ಮ ನಗಲೂ ಇಲ್ಲ, ಅಳಲೂ ಇಲ್ಲ. ನನಗೆ ಮಾತ್ರ ಕಟ್ಟೆಯ ಮೇಲಿದ್ದ ಪಾತ್ರೆಗಳನ್ನೆಲ್ಲ ಎತ್ತಿ ಬೀದಿಗೆ ಎಸೆಯಬೇಕೆನ್ನಿಸಿತು.

ಜೋಯಿಸರ ಮಖಾ ಸೂತ್ರ ಆ ಮನೆಗೂ ಬೇರೆ ಯಾರಿಂದಲೋ ಮೊದಲೇ ತಲುಪಿತ್ತು. ಪಲ್ಲವಿ ಅದಕ್ಕೆ ಒಪ್ಪಿರಲಿಲ್ಲ. ಕಾಫಿ ಲೋಟಗಳನ್ನು ಎತ್ತಲು ಬಂದವಳು ನಿಂತು, ನೇರವಾಗಿ ನನ್ನನ್ನೇ ನೋಡಿ ಹೇಳಿದಳು: ‘ಆಂಟಿ, ನಾನು ಹುಟ್ಟಿದ್ದು ಯಾವಾಗ ಹುಟ್ಟಿದ್ನೋ ಆವಾಗ್ಲೇ. ಅದನ್ನ ಬದಲಾಯಿಸಿ ಬಂದ್ರೆ ನಿಮ್ಮನೇಗೆ ಬರೋಳು ನಾನಲ್ಲ, ಇನ್ಯಾರೋ.’ ನಿಟ್ಟಿಸುವ ನೋಟ ಎಂದು ಪುಸ್ತಕದಲ್ಲಿ ಬರೆದಿದೆಯಲ್ಲ, ಅದು ಈ ನೋಟವೇ ಇರಬೇಕು. ಸುಳ್ಳು ಹೇಳಲು ಬಾರದವರ ನೋಟಕ್ಕೆ ಹಾವಿನ ಹೋಲಿಕೆ ಕೊಟ್ಟ ಮಹಾಶಯರು ಯಾರೋ, ಅವರೆಂಥ ಜನದ ನಡುವೆ ಬದುಕಿದ್ದರೋ!

ನಾನು ಒಪ್ಪಿದರೆ ಎಲ್ಲವೂ ಮುಗಿಯಿತೆಂದುಕೊಂಡಿದ್ದೆ. ಆದರೆ ವಾರ ಕಳೆಯುವುದರೊಳಗೆ ಪಲ್ಲವಿಯೇ ಫೋನ್ ಮಾಡಿ, ‘ಈ ಮದ್ವೆ ಬೇಡ ಆಂಟಿ’ ಎಂದಳು. ಫೋನಿನಲ್ಲಿ ಕಾರಣ ಕೇಳುವ ಬದಲು ಮಾರನೆಯ ದಿನವೇ ಬಸ್ಸು ಹತ್ತಿ ಗೌರಿಬಿದನೂರಿಗೆ ಹೋದೆ. ಅವಳು ನನ್ನನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಅರಳಿಮರದ ಸುತ್ತ ಎಲ್ಲಿ ನೋಡಿದರೂ ನಾಗರಕಲ್ಲುಗಳು. ತಲೆಮಾರುಗಳ ಜನ ತಮ್ಮ ತಮ್ಮ ಭಯಗಳನ್ನು ಕಲ್ಲಿನಲ್ಲಿ ಕೆತ್ತಿಸಿ ತಂದು ನಿಲ್ಲಿಸಿದ್ದಾರೆ. ಅವುಗಳಲ್ಲಿ ಒಂದನ್ನು ಬೆರಳಿನಿಂದ ತೋರಿಸಿ, ‘ಇದು ನಂದು’ ಎಂದಳು. ಅವಳು ಚಿಕ್ಕವಳಿದ್ದಾಗಲೇ ಅಪ್ಪ ಅಮ್ಮ ಪ್ರತಿಷ್ಠೆ ಮಾಡಿಸಿದ್ದಂತೆ. ಎರಡು ಹಾವುಗಳು ಒಂದನ್ನೊಂದು ಹೆಣೆದುಕೊಂಡು ಹೆಡೆಯೆತ್ತಿ ಮುಖಕ್ಕೆ ಮುಖ ಕೊಟ್ಟು ನಿಂತಿದ್ದವು. ಅರಿಸಿನ ಕುಂಕುಮ ಮೆತ್ತಿ ಮೆತ್ತಿ ಕಣ್ಣು ಮುಚ್ಚಿಹೋಗಿತ್ತು.

‘ಚಿಕ್ಕೋರಿದ್ದಾಗ ನಮ್ಮ ಬೀದೀಲಿ ಮನೆ ಆಟ ಆಡ್ತಿದ್ವಿ ಆಂಟಿ,’ ಎಂದಳು. ‘ಅಡುಗೆ ಮಾಡೋದು, ಮಾರ್ಕೆಟ್ಟಿಗೆ ಹೋಗೋದು, ಎಲ್ಲಾ. ನನ್ನನ್ನ ಸೊಸೆ ಮಾಡ್ಕೊಳ್ಳೋಕೆ ಯಾರೂ ಒಪ್ತಿರ್ಲಿಲ್ಲ. ಅತ್ತೆ ಆಗಿದ್ದ ಹುಡುಗಿ ಅಳೋಳು, ನಾನು ಸತ್ತೋಗ್ತೀನಿ ಅಂತ. ಅದು ಆಟ. ಈಗ ನಿಜವಾಗ್ಲೂ ನಿಮ್ಮನೇಗೆ ಬಂದ್ರೆ, ನಿಮಗೊಂದು ತಲೆನೋವು ಬಂದ್ರೂ ಎಲ್ಲಾ ನನ್ನ ಮುಖ ನೋಡ್ತಾರೆ. ಜೀವನ ಪೂರ್ತಿ ನಿಮ್ಮ ಉಸಿರು ಎಣಿಸ್ಕೊಂಡು ನಾನು ಬದುಕೋಕಾಗಲ್ಲ.’

ಎಂಥೆಂಥ ಮಕ್ಕಳಿಗೆ ಎಂಥೆಂಥ ಸಮಾಧಾನ ಹೇಳಿದ್ದ ನನಗೆ ಆಗ ಒಂದು ಸುಭಾಷಿತವೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದನ್ನು ಆಡಿದೆ.

‘ನೋಡಮ್ಮ, ನಾನು ಒಂದಿನ ಸಾಯ್ತೀನಿ. ನೀನು ಬಂದ್ರೂ ಸಾಯ್ತೀನಿ, ಬರದಿದ್ರೂ ಸಾಯ್ತೀನಿ. ಅವತ್ತು ಯಾರಾದ್ರೂ ನಿನ್ನ ಕಡೆ ಬೆರಳು ತೋರಿಸಿದ್ರೆ ಎದ್ದು ಕೂತು ಬಯ್ಯೋಕೆ ನನ್ನಿಂದ ಆಗಲ್ಲ. ಅದಕ್ಕೇ ಬದುಕಿರೋವಾಗ್ಲೇ ಎಲ್ಲರನ್ನೂ ಬೈದಿಟ್ಟು ಹೋಗ್ತೀನಿ. ನಂಗೆ ಬೈಯೋಕೆ ಬರತ್ತೆ, ಬೇಕಾದ್ರೆ ಚೇತನ್‌ನ ಕೇಳು.’

ಅವಳು ನಕ್ಕಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಈ ಬರಹವನ್ನೂ ಆ ಮುಂಗಡ ಬೈಗುಳದ ಒಂದು ಕಂತೆಂದೇ ನೀವು ತಿಳಿಯಬೇಕು.

ಮದುವೆಯಾಯಿತು. ಸರ್ಪಶಾಂತಿಯನ್ನಾದರೂ ಮಾಡಿಸಿ ಎಂದು ರತ್ನಮ್ಮ ಕೈಹಿಡಿದು ಕೇಳಿಕೊಂಡರು, ನಾನು ಒಪ್ಪಲಿಲ್ಲ. ದೋಷವೇ ಇಲ್ಲದ ಕಡೆ ಪರಿಹಾರ ಮಾಡಿಸಿದರೆ ದೋಷಕ್ಕೆ ರಸೀತಿ ಕೊಟ್ಟ ಹಾಗಾಗುತ್ತದೆ ಎಂಬುದು ನನ್ನ ವಾದ. ಅಶ್ವತ್ಥಮ್ಮ ಮದುವೆಗೆ ಬಂದರು, ದೂರದಲ್ಲಿ ಕುಳಿತರು, ಅಕ್ಷತೆ ಹಾಕಿ ಊಟ ಮಾಡಿ ಹೊರಟರು. ಪಲ್ಲವಿ ಕಾಲಿಗೆರಗಿದಾಗ ತಲೆ ಮುಟ್ಟಿ, ಏನನ್ನೋ ಹೇಳಲು ಹೋಗಿ ಹೇಳದೆ, ಮುಖ ತಿರುಗಿಸಿಕೊಂಡರು. ಅದನ್ನು ನಾನು ದ್ವೇಷವೆಂದೇ ಓದಿಕೊಂಡೆ.

ಅನಂತರದ ತಿಂಗಳುಗಳು ನೆಮ್ಮದಿಯವು, ಊರಿನ ಕಣ್ಣುಗಳನ್ನು ಬಿಟ್ಟರೆ. ತರಕಾರಿ ಅಂಗಡಿಯವರಿಂದ ಹಿಡಿದು ರವಿಕೆ ಹೊಲಿಯುವವರವರೆಗೆ ಎಲ್ಲರೂ ನನ್ನ ಕ್ಷೇಮ ವಿಚಾರಿಸತೊಡಗಿದರು. ನಿವೃತ್ತಳಾದ ದಿನದಿಂದ ಒಮ್ಮೆಯೂ ಮಾತಾಡಿಸದಿದ್ದ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, ನಾನೇ ಎತ್ತಿದಾಗ, ‘ಓ, ನೀವೇನಾ!’ ಎಂದು ಆಶ್ಚರ್ಯಪಟ್ಟರು. ಮುಂಗಾರು ಬಂತು. ಅಶ್ವತ್ಥಮ್ಮ ಯಜಮಾನರಿಗೆ ಫೋನ್ ಮಾಡಿದಾಗಲೆಲ್ಲ, ಆಶ್ಲೇಷೆ ಮಳೆ ಚೆನ್ನಾಗಿ ಹಿಡಿದರೆ ಈ ವರ್ಷ ರಾಗಿಗೆ ಚಿಂತೆಯಿಲ್ಲ ಎನ್ನುತ್ತಿದ್ದರು. ಹೊಲಕ್ಕೆ ಬಂದರೆ ಅನ್ನ ಕೊಡುವ ಹೆಸರು ಮನೆಗೆ ಬಂದರೆ ಪ್ರಾಣ ತೆಗೆಯುವುದು ಹೇಗೆ ಎಂದು ನಾನು ಹಿಂದಿನಿಂದ ಕೂಗಿ ಕೇಳುತ್ತಿದ್ದೆ. ಯಜಮಾನರು ಫೋನನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದರು.

ಮಳೆ ಚೆನ್ನಾಗಿಯೇ ಹಿಡಿಯಿತು. ಅದರ ಬೆನ್ನಿಗೆ ನನಗೆ ಜ್ವರ ಬಂತು, ಡೆಂಗಿ. ಊರಿನ ನರ್ಸಿಂಗ್ ಹೋಮ್ ಒಂದಕ್ಕೆ ಸೇರಿಸಿದರು. ಪ್ಲೇಟ್‌ಲೆಟ್ ಇಳಿಯುತ್ತಿದೆ ಎಂದರು. ನಮ್ಮ ತಾರಸಿಯ ಮೇಲೆ ಯಜಮಾನರು ಮುಚ್ಚಳ ಹಾಕದೆ ಬಿಟ್ಟಿದ್ದ ನೀರಿನ ಡ್ರಮ್ಮಿನಲ್ಲಿ ಸೊಳ್ಳೆಗಳು ಸಕುಟುಂಬ ಸಂಸಾರ ಹೂಡಿದ್ದವೆಂದು ಚೇತನ್ ಆಮೇಲೆ ಕಂಡುಹಿಡಿದ. ಆದರೆ ಕಚ್ಚಿದ ಸೊಳ್ಳೆಯ ನಕ್ಷತ್ರವನ್ನಾಗಲಿ ಡ್ರಮ್ಮಿನ ಒಡೆಯರ ನಕ್ಷತ್ರವನ್ನಾಗಲಿ ಯಾರೂ ವಿಚಾರಿಸಲಿಲ್ಲ. ಬೀದಿಗೆ ಬೀದಿಯೇ ನಮ್ಮ ಬಾಗಿಲ ಕಡೆ ನೋಡಿ ತಲೆದೂಗಿತು. ಪೆರೇಸಂದ್ರದಿಂದ ಅಶ್ವತ್ಥಮ್ಮ ಮೊದಲ ಬಸ್ಸಿಗೇ ಬಂದು ನನ್ನ ಕೋಣೆಯ ಬಾಗಿಲಲ್ಲಿ ಒಂದು ಸ್ಟೂಲು ಹಾಕಿಕೊಂಡು ಕುಳಿತುಬಿಟ್ಟರು.

ಆ ಮಧ್ಯಾಹ್ನ ಜ್ವರದ ಮಂಪರಿನಲ್ಲಿದ್ದ ನನಗೆ ಬಾಗಿಲ ಬಳಿ ಮಾತು ಕೇಳಿಸಿತು.

‘ಇಲ್ಲೇ ಇರಮ್ಮ, ಒಳಗೆ ಬರಬ್ಯಾಡ.’

‘ದೊಡ್ಡಮ್ಮ, ಗಂಜಿ ತಂದಿದೀನಿ. ಕುಡಿಸಿ ಹೋಗ್ತೀನಿ ಅಷ್ಟೇ.’ ಶಾಲೆಗೆ ರಜೆ ಹಾಕಿ ಮನೆಯಲ್ಲೇ ನಿಂತಿದ್ದ ಪಲ್ಲವಿಯ ದನಿ ಅದು.

‘ನನ್ನ ಕೈಗೆ ಕೊಡು, ನಾನು ಕುಡಿಸ್ತೀನಿ. ನಿನ್ನ ಕೈಯಿಂದ ಬ್ಯಾಡ.’

ಮೈಯಲ್ಲಿ ಅಷ್ಟೊಂದು ಶಕ್ತಿ ಎಲ್ಲಿತ್ತೋ ತಿಳಿಯದು. ನಾನು ಎದ್ದೆ. ಗ್ಲೂಕೋಸ್ ಬಾಟಲಿಯ ಕಂಬವನ್ನು ಹಿಡಿದು ಎಳೆದುಕೊಂಡು, ಕೆದರಿದ ತಲೆಯಲ್ಲಿ, ಬಾಗಿಲಿಗೆ ಬಂದು ನಿಂತೆ. ಆಗ ನನ್ನನ್ನು ನೋಡಿದವರಿಗೆ ರಾಕ್ಷಸಗಣ ಯಾರದೆಂಬ ಬಗ್ಗೆ ಸಂಶಯ ಉಳಿಯುತ್ತಿರಲಿಲ್ಲ.

‘ಅಕ್ಕ, ಜ್ವರ ನಂದು, ಸೊಸೆ ನನ್ನೋಳು. ತಡೆಯೋಕೆ ನೀವ್ಯಾರು? ಆ ಮಗು ನಿಮಗೇನು ಮಾಡಿದ್ಳು? ಬಂದ ದಿನದಿಂದ ಅವಳಿಗೆ ಮುಖ ಕೊಟ್ಟು ಒಂದು ಮಾತಾಡಿಲ್ಲ ನೀವು.’

ಆ ಹೆಂಗಸು ನನ್ನ ಮಾತಿಗೆ ಕೆರಳಲಿಲ್ಲ. ಸ್ಟೂಲಿನ ಮೇಲೆ ಕುಳಿತೇ ತಲೆಯೆತ್ತಿ ನೋಡಿದರು.

‘ಕೂಗಾಡಬ್ಯಾಡ ಕಣೇ ಜಾನಕಿ, ಕೂತ್ಕೋ. ನಿನಗೇನಾದ್ರೂ ಆದ್ರೆ ನೀನು ಹೊರಟೋಗ್ತೀಯ. ಇಲ್ಲಿರೋಳು ಅವಳು. ಕೊನೇಲಿ ನಿಮ್ಮತ್ತೆ ಬಾಯಿಗೆ ಏನು ಹಾಕ್ದೆ ಅಂತ ಜನ ಕೇಳ್ತಾರೆ. ನನ್ನ ಕೇಳಿದ್ರು.’

ನಾನು ಹಿಂದಕ್ಕೆ ಬಂದು ಮಂಚದ ಅಂಚಿನ ಮೇಲೆ ಕುಳಿತೆ. ಅವರು ಯಾರ ಮುಖವನ್ನೂ ನೋಡದೆ ಹೇಳುತ್ತ ಹೋದರು.

‘ನಂದು ಮೂಲಾ ನಕ್ಷತ್ರ. ನಿನ್ನ ಗಂಡನಿಗೂ ಗೊತ್ತಿಲ್ಲ, ಅವನಾಗ ಸಣ್ಣೋನು. ಮೂಲ ಮಾವನಿಗೆ ಆಗಲ್ಲ ಅಂತಾರೆ. ಹೆಂಗೋ ಮದ್ವೆ ಮಾಡಿದ್ರು. ನಾನು ಆ ಮನೇಗೆ ಹೋದ ವರ್ಷಾನೇ ಮಾವ ತೀರ್ಕೊಂಡ್ರು. ಹೊಲದಿಂದ ಬಂದು, ನಾನು ಕೊಟ್ಟ ಮಜ್ಜಿಗೆ ಕುಡಿದು ಜಗಲಿ ಮೇಲೆ ಮಲಗಿದ್ರು. ಏಳಲಿಲ್ಲ. ನಮ್ಮತ್ತೆ ಸಾಯೋವರ್ಗೂ ನನ್ನ ಕೈಯಿಂದ ಒಂದು ಲೋಟ ನೀರು ಇಸ್ಕೊಳ್ಳಲಿಲ್ಲ. ಒಂದೇ ಮನೆ, ಒಂದೇ ಒಲೆ. ನಿನ್ನ ಪ್ರಾಣಕ್ಕೆ ಹೆದರಿ ಈ ಸಂಬಂಧ ಬ್ಯಾಡ ಅಂದೆ ಅನ್ಕೊಂಡ್ಯಾ? ನಿನಗೇನು, ಗಟ್ಟಿ ಇದೀಯ. ಈ ಮಗೂಗೆ ಆ ಬಾಳು ಬ್ಯಾಡ ಅಂತ ಅಂದೆ.’

ಇಷ್ಟು ವರ್ಷ ಆ ಮನೆಗೆ ಹೋಗಿ ಬಂದಿದ್ದೇನೆ. ಅವರ ಕೈಯಡುಗೆ ಉಂಡು, ಅವರ ಗತ್ತಿಗೆ ಹೆದರಿ, ಹಿಂದೆ ನಿಂತು ಆಡಿಕೊಂಡಿದ್ದೇನೆ. ಆ ಗತ್ತು ಯಾವುದರ ಮೇಲೆ ಕಟ್ಟಿದ್ದೆಂದು ನನಗೆ ಹೊಳೆದಿರಲಿಲ್ಲ. ಮಾತಾಡಿದವಳು ಪಲ್ಲವಿ. ಗಂಜಿಯ ಡಬ್ಬಿಯನ್ನು ಪಕ್ಕಕ್ಕಿಟ್ಟು, ಸ್ಟೂಲಿನ ಎದುರು ನೆಲದ ಮೇಲೆ ಕುಳಿತು, ಮಕ್ಕಳಿಗೆ ಪ್ರಶ್ನೆ ಕೇಳುವ ಹಾಗೆ ಮೆಲ್ಲಗೆ ಕೇಳಿದಳು.

‘ದೊಡ್ಡಮ್ಮ, ನಿಮ್ಮ ಮಾವನಿಗೆ ಮುಂಚೆಯಿಂದ ಏನಾದ್ರೂ ಕಾಯಿಲೆ ಇತ್ತಾ?’

‘ಕಾಯಿಲೆ ಗೀಯಿಲೆ ಏನಿಲ್ಲ. ಎದೆ ಹಿಡ್ಕೊಳ್ಳತ್ತೆ ಅಂತಿದ್ರು. ಹೊಲದಿಂದ ಬರೋವಾಗ ದಾರೀಲಿ ಅಲ್ಲಲ್ಲಿ ಕೂತು ಸುಧಾರಿಸ್ಕೊಂಡು ಬರೋರು.’

‘ನೀವು ಮದ್ವೆಯಾಗಿ ಹೋಗೋಕೆ ಮುಂಚೇನೂ ಹಂಗೇ ಇತ್ತಾ?’

ಅಶ್ವತ್ಥಮ್ಮನವರ ಹಣೆ ಸುಕ್ಕಾಯಿತು. ಎಲ್ಲೋ ತುಂಬ ಹಿಂದೆ ಹೋಗಿ, ಏನನ್ನೋ ಕಂಡು, ಅದನ್ನು ಕಂಡದ್ದಕ್ಕೆ ತಾವೇ ಬೆರಗಾದಂತೆ ಹೇಳಿದರು:

‘ನನ್ನ ನೋಡಕ್ಕೆ ಬಂದಾಗ್ಲೇ ನಮ್ಮನೆ ಮೆಟ್ಲು ಹತ್ತಕ್ಕಾಗದೆ ಎದೆ ನೀವ್ಕೊಂಡು ನಿಂತಿದ್ರು. ನಾನು ಕಿಟಕೀಲಿ ನೋಡ್ತಿದ್ದೆ.’

‘ಹಂಗಾದ್ರೆ ಅವರು ಹೋಗಿದ್ದು ಎದೆ ಕಾಯಿಲೆಯಿಂದ ದೊಡ್ಡಮ್ಮ. ನಿಮ್ಮಿಂದ ಅಲ್ಲ. ನಿಮ್ಮ ಮಜ್ಜಿಗೆಯಿಂದಾನೂ ಅಲ್ಲ.’

‘ಹಂಗಂತೀಯಾ?’

‘ಹೂಂ.’

‘ಯಾರೂ ಕೇಳ್ಲಿಲ್ಲ ಕಣಮ್ಮ,’ ಎಂದರು ಅಶ್ವತ್ಥಮ್ಮ. ‘ಇದನ್ನ ನನ್ನ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಕೊಳ್ಳಲಿಲ್ಲ.’

ಪೆರೇಸಂದ್ರದ ಹೊಲವನ್ನೆಲ್ಲ ಒಬ್ಬರೇ ನಿಂತು ಉಳುಮೆ ಮಾಡಿಸುವ ಆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸದ್ದಿಲ್ಲದೆ ಅತ್ತರು. ಪಲ್ಲವಿ ಅವರ ಮಂಡಿಯ ಮೇಲೆ ಕೈಯಿಟ್ಟು ಕುಳಿತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅಶ್ವತ್ಥಮ್ಮ ಮೂಗೊರೆಸಿಕೊಂಡು ಎದ್ದರು, ಸ್ಟೂಲನ್ನು ಬಾಗಿಲಿನಿಂದ ಎತ್ತಿ ಗೋಡೆಗೆ ಒತ್ತರಿಸಿದರು. ‘ಗಂಜಿ ಆರೋಗತ್ತೆ. ಬಾಮ್ಮ, ಕುಡಿಸು,’ ಎಂದರು.

ನಾನು ಗಂಜಿ ಕುಡಿದೆ. ಉಪ್ಪು ಕಡಿಮೆಯಿತ್ತು, ಹೇಳಲಿಲ್ಲ. ಗಂಟಲಲ್ಲಿ ಇಳಿಯುತ್ತಿದ್ದುದು ಗಂಜಿಯಾದರೂ ಒಳಗೆ ಕುದಿಯುತ್ತಿದ್ದುದು ಬೇರೆ. ಒಬ್ಬ ಹುಡುಗಿ ಮಜ್ಜಿಗೆ ಕೊಟ್ಟ ಕೈಯನ್ನು ಆಯುಷ್ಯವಿಡೀ ಅನುಮಾನದಿಂದ ನೋಡಿಕೊಂಡು ಮುದುಕಿಯಾದಳು. ಮುಪ್ಪಾದ ಮೇಲೆ ಆಸ್ಪತ್ರೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕುಳಿತು, ಇನ್ನೊಂದು ಹುಡುಗಿಯ ಕೈಯನ್ನು ಅದೇ ಅನುಮಾನದಿಂದ ಕಾಪಾಡಲು ಹೆಣಗಿದಳು. ಅವರಿಗೆ ಸಿಕ್ಕ ಶಿಕ್ಷೆಗೆ ಯಾವ ಅಪರಾಧವೂ ಇರಲಿಲ್ಲ. ಕೊಟ್ಟವರಾದರೂ ಕೆಟ್ಟವರೇನಲ್ಲ, ಅತ್ತೆ, ನೆಂಟರು, ನೆರೆಹೊರೆ, ನಮ್ಮ ನಿಮ್ಮಂಥವರು. ಎದುರಿಗೆ ನಿಲ್ಲಿಸಿ ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲವೇನೋ.

ಸಂಜೆ ಡಾಕ್ಟರು ಬಂದರು. ಪ್ಲೇಟ್‌ಲೆಟ್ ಏರುತ್ತಿದೆ, ಇನ್ನು ಹೆದರಿಕೆಯಿಲ್ಲ ಎಂದರು. ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿ ನೋಡಿ ಹುಬ್ಬೇರಿಸಿದರು.

‘ಬಿ.ಪಿ. ಯಾಕೋ ತುಂಬ ಜಾಸ್ತಿ ಇದೆಯಲ್ಲ ಮೇಡಂ. ಒಂದು ಮಾತ್ರೆ ಬರೀಲಾ?’

‘ಬೇಡ ಡಾಕ್ಟ್ರೇ,’ ಎಂದೆ. ‘ಇದು ಕಾಯಿಲೆಯಲ್ಲ, ಕೋಪ. ಬರೋದೇ ತುಂಬ ತಡವಾಗಿ ಬಂದಿದೆ. ಇಳಿಸಬೇಡಿ.’